ಟಾಚಣಿ ತೆಗೆಯದ ನೋಟುಗಳು

ಸಿಂದಗಿ
೧೧ ಸೆಪ್ಟೆಂಬರ್ ೨೦೨೩

ವಾಸುದೇವರಾಯರಿಗೆ,

ಶಮ್ಶುನ್ನೀಸಾ ಬಾಗವಾನ ಮಾಡುವ ನಮಸ್ಕಾರ. ನೀವು ನನ್ನನ್ನು ನೋಡಿದ್ದೀರಿ, ನೆನಪಿಟ್ಟಿರಲಿಕ್ಕಿಲ್ಲ. ಹೋದ ತಿಂಗಳು ಇಲ್ಲಿಯ ಹೈಸ್ಕೂಲಿನಲ್ಲಿ ಹಳೆಯ ನೋಟುಗಳ ಪ್ರದರ್ಶನ ಇಟ್ಟಿದ್ದಿರಲ್ಲ, ಅಲ್ಲಿ ಗಾಜಿನ ಮೇಲೆ ಕೈಯೂರಿ ನಿಮ್ಮಿಂದ ಬೈಸಿಕೊಂಡ ಮುದುಕಿ ನಾನೇ. ನೌಕರಿ ಮುಗಿಯುವತನಕ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಬೈದವಳು ನಾನು. ಬೈಸಿಕೊಳ್ಳುವುದು ಹೊಸದಾದ್ದರಿಂದ ನಿಮ್ಮ ಹೆಸರು ಮನಸ್ಸಿನಲ್ಲಿ ನಿಂತಿತು.

ಫೋನು ಮಾಡಿದರೆ ತಮಗೆ ಕಿವಿ ಕೇಳಿಸುವುದಿಲ್ಲ, ಮೊಬೈಲಿನಲ್ಲಿ ಫೋಟೋ ಕಳಿಸಿದರೆ ತಾವು ನೋಡುವುದಿಲ್ಲ, ಏನಿದ್ದರೂ ಕಾಗದ ಬರೆಯಿರಿ ಎಂದು ಅವತ್ತು ಎಲ್ಲರೆದುರು ಹೇಳಿದ್ದಿರಿ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ತಂದೆ ಬಾಬುಲಾಲ ಬಾಗವಾನರು ೧೯೬೦ರಲ್ಲಿ ಬೊಂಬಾಯಿಯಿಂದ ಹಡಗಿನಲ್ಲಿ ಹಜ್ ಯಾತ್ರೆ ಮಾಡಿ ಬಂದವರು. ಅವರ ಟ್ರಂಕಿನಲ್ಲಿ ಹತ್ತು ರೂಪಾಯಿಯ ಐದು ನೋಟುಗಳಿವೆ. ನೀಲಿ ಬಣ್ಣ. ಎರಡೂ ಮಗ್ಗುಲಿಗೆ ಇಂಗ್ಲಿಷ್ ಅಕ್ಷರದಲ್ಲಿ ಹಜ್ ಎಂದು ಅಚ್ಚಾಗಿದೆ. ಇಂಥ ನೋಟನ್ನು ನಮ್ಮ ಓಣಿಯಲ್ಲಿ ಬೇರೆ ಯಾರ ಮನೆಯಲ್ಲೂ ನಾನು ಕಂಡಿಲ್ಲ. ನನಗೆ ಇದರ ಬೆಲೆ ಬೇಡ, ಮಾರುವ ವಿಚಾರವೂ ಇಲ್ಲ. ಈ ನೋಟು ಯಾರ ಹತ್ತಿರ ಇತ್ತೋ ಅವರು ಮಕ್ಕಾಕ್ಕೆ ಹೋಗಿ ಬಂದವರೇ ಸರಿ ಎಂದು ನಿಮ್ಮ ಕೈಬರಹದಲ್ಲಿ ಒಂದು ಮಾತು ಬೇಕು.

ಕಾರಣವನ್ನೂ ಹೇಳಿಬಿಡುತ್ತೇನೆ. ಫೆಬ್ರವರಿಯಲ್ಲಿ ಮೊಮ್ಮಗಳು ಫರಹತಳ ನಿಕಾಹ್ ಇದೆ. ಲಗ್ನದ ಕಾರ್ಡಿನ ತಲೆಯ ಮೇಲೆ ಮನೆತನದ ಹಿರಿಯರ ಹೆಸರು ಹಾಕುವುದು ನಮ್ಮಲ್ಲಿ ರೂಢಿ. ‘ಮರಹೂಮ ಹಾಜಿ ಬಾಬುಲಾಲ ಬಾಗವಾನ’ ಎಂದು ಹಾಕಿಸುವುದು ನನ್ನ ಆಸೆ. ಮರಹೂಮ ಎಂದರೆ ದಿವಂಗತ. ಇಂಡಿಯಲ್ಲಿ ನಿಂಬೆಹಣ್ಣಿನ ವ್ಯಾಪಾರ ಮಾಡುವ ನನ್ನ ತಮ್ಮ ಜುಲ್ಫಿಕರ, ಕಾರ್ಡಿನಲ್ಲಿ ಹಾಜಿ ಎಂದಿದ್ದರೆ ಲಗ್ನಕ್ಕೆ ಕಾಲಿಡುವುದಿಲ್ಲ ಎಂದು ಹೇಳಿ ಕಳಿಸಿದ್ದಾನೆ. ಅಪ್ಪ ಹಾಜಿಯೇ ಅಲ್ಲವಂತೆ. ಅಪ್ಪನ ಮಣ್ಣು ಆದಾಗಿನಿಂದ ಇದೇ ರಾಗ. ಅವನ ಮುಂದೆ ನಿಮ್ಮ ಕಾಗದ ಹಿಡಿದು ಬಾಯಿ ಮುಚ್ಚಿಸಬೇಕಾಗಿದೆ.

ಇಂತಿ,
ಶಮ್ಶುನ್ನೀಸಾ


ಬಸವನ ಬಾಗೇವಾಡಿ
೨೦ ಸೆಪ್ಟೆಂಬರ್ ೨೦೨೩

ಶಮ್ಶುನ್ನೀಸಾ ಅಕ್ಕೋರಿಗೆ ನಮಸ್ಕಾರ.

ಚೆನ್ನಾಗಿ ನೆನಪಿದ್ದೀರಿ. ನಿಮ್ಮ ಐದು ಬೆರಳಿನ ಗುರುತನ್ನು ಇಂದೂಬಾಯಿ ಮೊನ್ನೆಯಷ್ಟೇ ಗಾಜಿನಿಂದ ಒರೆಸಿದಳು. ಇಂದೂಬಾಯಿ ಎಂದರೆ ನನ್ನ ಹೆಂಡತಿ. ನನ್ನ ಕಿವಿಯ ಕೆಲಸವನ್ನೂ ಅವಳೇ ಮಾಡುವುದು.

ನಿಮ್ಮ ಕಾಗದ ಓದಿ ಕುರ್ಚಿಯಿಂದ ಎದ್ದು ನಿಂತೆ. ಸುಳ್ಳು ಹೇಳುತ್ತಿಲ್ಲ. ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ತರುವುದು ಅಂಕಿಯ ಕೊನೆಗೆ ೭೮೬ ಇರುವ ನೋಟು. ಯಾರೋ ಯೂಟ್ಯೂಬಿನಲ್ಲಿ ಲಕ್ಷ ಬರುತ್ತದೆ ಎಂದಿರುತ್ತಾರೆ. ಅಂಗಡಿಯಲ್ಲಿ ಎಷ್ಟು ಬರುತ್ತದೋ ಅಷ್ಟೇ ಬರುತ್ತದೆ ಎಂದರೆ ನನ್ನನ್ನೇ ಕಳ್ಳನ ಹಾಗೆ ನೋಡುತ್ತಾರೆ. ಮುದ್ದೇಬಿಹಾಳದ ಒಬ್ಬ ಯಜಮಾನರು ಆರನೆಯ ಜಾರ್ಜನ ಚಂದದ ನೋಟೊಂದನ್ನು ಸಾಬೂನು ಹಚ್ಚಿ ತೊಳೆದು, ಇಸ್ತ್ರಿ ಮಾಡಿ, ಸಾಲದ್ದಕ್ಕೆ ಝೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಶನ್ ಮಾಡಿಸಿ ತಂದಿದ್ದರು. ಅವರ ಮುಖದಲ್ಲಿ ಎಷ್ಟು ಹೆಮ್ಮೆ ಇತ್ತೆಂದರೆ ನನಗೆ ಬೈಯಲಿಕ್ಕೂ ಆಗಲಿಲ್ಲ. ಚಹಾ ಕುಡಿಸಿ ಕಳಿಸಿದೆ.

ನಿಮ್ಮದು ಆ ಜಾತಿಯದಲ್ಲ. ಹಜ್ ನೋಟು ಎನ್ನುವುದು ಯಾತ್ರಿಕರಿಗಾಗಿಯೇ ಅಚ್ಚು ಹಾಕಿದ ಬೇರೆ ನೋಟು. ಬೊಂಬಾಯಿಯಲ್ಲಿ ನಮ್ಮ ರೂಪಾಯಿ ಕೊಟ್ಟು ಪಡೆಯಬೇಕು, ಅರಬರ ನಾಡಿನಲ್ಲಿ ಇಳಿದ ಮೇಲೆ ಅಲ್ಲಿಯ ಹಣಕ್ಕೆ ಬದಲಿಸಿಕೊಳ್ಳಬೇಕು. ಸಿಂದಗಿಯ ಸಂತೆಯಲ್ಲಿ ಅದಕ್ಕೆ ಒಂದು ಕಟ್ಟು ಮೆಂತ್ಯಪಲ್ಲೆಯೂ ಬರುತ್ತಿರಲಿಲ್ಲ. ಅಲ್ಲಿ ಖರ್ಚಾದವು ಹಿಂದಿರುಗಿ ಬಂದು ರದ್ದಾದವು. ಅದಕ್ಕೇ ಉಳಿದಿರುವುದು ಬಹಳ ಕಡಿಮೆ.

ಕಳಿಸಿರಿ. ತೊಳೆಯಬೇಡಿ, ಒತ್ತಬೇಡಿ, ಅಂಟಿಸಬೇಡಿ, ಹೇಗಿವೆಯೋ ಹಾಗೆ ಕಳಿಸಿರಿ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನೋಟು ಏನು ಹೇಳುತ್ತದೋ ಅಷ್ಟನ್ನೇ ನಾನು ಬರೆದುಕೊಡುವುದು. ಯಾರ ಬಾಯಿ ಮುಚ್ಚಿಸುವುದಕ್ಕೂ ಇಲ್ಲಿಯವರೆಗೆ ಬರೆದುಕೊಟ್ಟಿಲ್ಲ.

ತಮ್ಮ ವಿಶ್ವಾಸಿ,
ವಾಸುದೇವ ಗಲಗಲಿ


ಸಿಂದಗಿ
೨ ಅಕ್ಟೋಬರ್ ೨೦೨೩

ರಾಯರೇ,

ಮಗ ಸಿಕಂದರ ಈ ಕಾಗದವನ್ನೂ ನೋಟುಗಳನ್ನೂ ತರುತ್ತಿದ್ದಾನೆ. ಎರಡು ರಟ್ಟಿನ ನಡುವೆ ಇಟ್ಟು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿದ್ದೇನೆ. ದೇವರ ಹಿಪ್ಪರಗಿಯ ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲೇ ಇಟ್ಟುಕೊಳ್ಳಬೇಕೆಂದು ತಾಕೀತು ಮಾಡಿದ್ದೇನೆ. ಐದೂ ನೋಟಿಗೆ ಸೇರಿಸಿ ಒಂದು ಟಾಚಣಿ, ಅಂದರೆ ಗುಂಡುಸೂಜಿ, ಚುಚ್ಚಿಟ್ಟಿದ್ದಾರೆ. ಅದಕ್ಕೆ ಜಂಗು ಹಿಡಿದಿದೆ. ಅಪ್ಪ ಇದ್ದಾಗಿನಿಂದ ಹಾಗೇ ಇದೆ, ದಯವಿಟ್ಟು ತೆಗೆಯಬೇಡಿ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅಪ್ಪ ಹಜ್ಜಿನಿಂದ ಬಂದ ದಿನ ನನಗೆ ನೆನಪಿದೆ. ಆಗ ನಾನಿನ್ನೂ ಶಾಲೆಗೆ ಸೇರಿರಲಿಲ್ಲ. ಬಸ್ ಸ್ಟ್ಯಾಂಡಿಗೆ ಊರೇ ಬಂದಿತ್ತು. ಹೋಗುವಾಗ ಹಾರ ಹಾಕಿ ಕಳಿಸಿದವರೇ ಬರುವಾಗಲೂ ಹಾರ ತಂದಿದ್ದರು. ಅಪ್ಪ ಬಹಳ ಸೊರಗಿದ್ದರು. ಜನ ಕೈಗೆ ಕಣ್ಣೊತ್ತಿಕೊಳ್ಳುತ್ತಿದ್ದರು. ನಾನು ಸಂದಿಯಲ್ಲಿ ನುಗ್ಗಿ ಅವರ ಕಾಲು ಹಿಡಿದುಕೊಂಡೆ. ಎತ್ತಿಕೊಂಡು ನನ್ನ ಹೆಗಲಿನಲ್ಲಿ ಮುಖ ಮುಚ್ಚಿಕೊಂಡರು. ಅವರು ಅತ್ತದ್ದು ನೋಡಿ ಊರವರೂ ಅತ್ತರು. ಅವತ್ತಿನಿಂದ ನಮ್ಮದು ಹಾಜಿಯ ಮನೆ, ನಾನು ಹಾಜಿಯ ಮಗಳು. ತಂದೆಯ ಮೇಲೆ ನನಗಿರುವ ಅಭಿಮಾನ ಎಷ್ಟೆಂದು ಬರೆಯುತ್ತ ಕೂತರೆ ಕಾಗದ ಸಾಲುವುದಿಲ್ಲ.

ಅಲ್ಲಿಯ ವಿಷಯ ಅವರು ಹೆಚ್ಚು ಹೇಳುತ್ತಿರಲಿಲ್ಲ. ಯಾರಾದರೂ ಒತ್ತಿ ಕೇಳಿದರೆ ಅಲ್ಲಿ ಬಿಸಿಲು ಬಹಳ ಎಂದು ಹೇಳಿ ಎದ್ದು ಬಿಡುತ್ತಿದ್ದರು. ದೊಡ್ಡಸ್ತಿಕೆ ಹೇಳಿಕೊಳ್ಳುವ ಸ್ವಭಾವವೇ ಅಲ್ಲ ಅವರದು.

ತಮ್ಮ ಹಾಗಲ್ಲ. ಅಪ್ಪನ ಗೋರಿಯ ಮೇಲೆ ಕಲ್ಲು ನಿಲ್ಲಿಸುವಾಗ, ಹಾಜಿ ಎಂದು ಕೆತ್ತಿಸಬಾರದು ಎಂದು ಎಲ್ಲರೆದುರು ಹಟ ಹಿಡಿದ. ಆಗ ಹೊಲದ ಪಾಲಿನ ಜಗಳವೂ ನಡೆದಿತ್ತು. ಆ ಸಿಟ್ಟನ್ನು ಸತ್ತವರ ಮೇಲೆ ತೀರಿಸಿಕೊಂಡ ಎಂದೇ ನಾನು ತಿಳಿದಿದ್ದೇನೆ. ಕೊನೆಗೆ ಕಲ್ಲು ಹೆಸರಿಲ್ಲದೆ ನಿಂತಿತು. ಅವನು ಇಂಡಿಗೆ ಹೋದ. ಅಂದಿನಿಂದ ನಮ್ಮ ಭೇಟಿ ಲಗ್ನಕ್ಕೆ ಮತ್ತು ಮಣ್ಣಿಗೆ ಮಾತ್ರ. ತಾನು ಮಾತ್ರ ವಿಮಾನದಲ್ಲಿ ಹೋಗಿ ಹಜ್ ಮಾಡಿ ಬಂದ. ಅಂಗಡಿಯ ಬೋರ್ಡಿನ ಮೇಲೆ ತನ್ನ ಹೆಸರಿನ ಹಿಂದೆ ಹಾಜಿ ಎಂದು ಬರೆಸಿಕೊಳ್ಳಲಿಲ್ಲ, ಅದೊಂದು ಒಳ್ಳೆಯದು ಮಾಡಿದ.

ಉತ್ತರಕ್ಕೆ ಕಾದಿರುವ,
ಶಮ್ಶುನ್ನೀಸಾ


ಬಸವನ ಬಾಗೇವಾಡಿ
೧೯ ಅಕ್ಟೋಬರ್ ೨೦೨೩

ಅಕ್ಕೋರೇ,

ಉತ್ತರ ತಡವಾಯಿತು. ನೋಡಲು ಒಂದು ದಿನ ಸಾಕಾಗಿತ್ತು. ಬರೆಯಲು ಇಷ್ಟು ದಿನ ಬೇಕಾಯಿತು.

ನೋಟುಗಳು ಅಸಲಿ. ಅದರಲ್ಲಿ ಅನುಮಾನವೇ ಇಲ್ಲ. ಕಾಗದ, ಬಣ್ಣ, ಒಳಗಿನ ನೀರಚ್ಚು, ಅಂಕಿಯ ಹಿಂದಿನ ಎಚ್ ಎ ಅಕ್ಷರ, ಎಲ್ಲ ಸರಿಯಾಗಿದೆ. ಐದೂ ಅಂಕಿಗಳು ಒಂದರ ಹಿಂದೆ ಒಂದು ಬರುತ್ತವೆ. ಇಂಥ ಸಾಲು ಸಿಗುವುದು ಅಪರೂಪ. ಟಾಚಣಿಯ ತುಕ್ಕಿನಿಂದ ಸ್ವಲ್ಪ ಬೆಲೆ ಇಳಿಯುತ್ತದೆ. ಇಳಿದರೂ, ಹರಾಜಿಗೆ ಇಟ್ಟರೆ ಸಿಂದಗಿಯ ಹೊರವಲಯದಲ್ಲಿ ಒಂದು ಸಣ್ಣ ಪ್ಲಾಟು ಬರುವಷ್ಟು ಹಣ ಬರುತ್ತದೆ.

ಈಗ ನೀವು ಕೇಳಿದ ಮಾತಿಗೆ ಬರುತ್ತೇನೆ. ಟಾಚಣಿ ತೆಗೆಯದೆಯೇ ಒಂದೊಂದು ಹಾಳೆಯ ಅಂಚನ್ನು ಎತ್ತಿ, ಕಿಟಕಿಯ ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿದೆ. ಪ್ರತಿ ನೋಟಿನಲ್ಲಿ ಒಂದೇ ಜೋಡಿ ತೂತು ಇದೆ. ಬಿಚ್ಚಿ ಮತ್ತೆ ಚುಚ್ಚಿದ್ದರೆ ಬೇರೆ ತೂತು ಬೀಳಬೇಕಿತ್ತು. ನಡುವೆ ಒಂದು ಮಡಿಕೆ ಇದೆ, ಅದು ಐದೂ ನೋಟಿಗೆ ಕೂಡಿಯೇ ಬಿದ್ದದ್ದು. ಅಂದರೆ ಬೊಂಬಾಯಿಯ ಕೌಂಟರಿನಲ್ಲಿ ಎಣಿಸಿ ಚುಚ್ಚಿಕೊಟ್ಟ ಮೇಲೆ ಈ ಕಟ್ಟನ್ನು ಯಾರೂ ಬಿಚ್ಚಿಯೇ ಇಲ್ಲ.

ಒಬ್ಬ ಯಾತ್ರಿಕ ಹಡಗಿನಿಂದ ಇಳಿದು, ಅಷ್ಟು ದಿನ ಆ ನಾಡಿನಲ್ಲಿ ಉಂಡು ಉಟ್ಟು ತಿರುಗಾಡಿ, ತನ್ನ ಹಣದ ಕಟ್ಟಿನ ಟಾಚಣಿಯನ್ನೇ ತೆಗೆಯದೆ ಬಂದ ಎನ್ನುವುದು ನನ್ನ ಬುದ್ಧಿಗೆ ಒಗ್ಗುವುದಿಲ್ಲ. ಬೇರೆ ಕಟ್ಟುಗಳೂ ಇದ್ದವು, ಅವು ಖರ್ಚಾಗಿ ಇದೊಂದು ಉಳಿಯಿತು ಎಂದು ನೀವು ಹೇಳಬಹುದು. ಆಗಲಿ. ಉಳಿದದ್ದನ್ನು ಬೊಂಬಾಯಿಯಲ್ಲಿ ಮತ್ತೆ ನಮ್ಮ ಹಣಕ್ಕೆ ಬದಲಿಸಿಕೊಳ್ಳಬಹುದಿತ್ತು. ಐವತ್ತು ರೂಪಾಯಿ ಆಗ ಸಣ್ಣ ಮೊತ್ತವಲ್ಲ.

ನಾನು ಸಹಿ ಹಾಕಿ ಬರೆಯಬಲ್ಲದ್ದು ಇಷ್ಟು: ಈ ನೋಟು ಪಡೆದವರು ಬೊಂಬಾಯಿಯವರೆಗೆ ಹೋಗಿದ್ದರು. ಮುಂದಿನದನ್ನು ನೋಟು ಹೇಳುವುದಿಲ್ಲ. ನನ್ನ ಮನಸ್ಸಿಗೆ ಏನನಿಸುತ್ತದೆ ಎಂದು ಕೇಳಿದರೆ, ಅವರು ಹಡಗು ಹತ್ತಲಿಲ್ಲ ಅನಿಸುತ್ತದೆ. ಯಾವ ಗುರುತಿನಿಂದ ನೋಟಿನ ಬೆಲೆ ಏರುತ್ತದೋ ಅದೇ ಗುರುತು ನಿಮ್ಮ ಮಾತಿಗೆ ಎದುರಾಗಿ ನಿಂತಿದೆ. ಇದನ್ನು ಬರೆಯುವುದು ನನಗೇನೂ ಸಂತೋಷದ ಕೆಲಸವಲ್ಲ.

ವಾಸುದೇವ


ಸಿಂದಗಿ
೨೭ ಅಕ್ಟೋಬರ್ ೨೦೨೩

ವಾಸುದೇವ ಗಲಗಲಿಯವರಿಗೆ,

ನಾನು ನೋಟು ತೋರಿಸಿದ್ದೆ, ನನ್ನ ತಂದೆಯನ್ನು ತೋರಿಸಿರಲಿಲ್ಲ. ಭೂತಗನ್ನಡಿ ಹಿಡಿದು ತೂತು ಎಣಿಸಿ ಒಬ್ಬ ಸತ್ತ ಮನುಷ್ಯನನ್ನು ಸುಳ್ಳುಗಾರ ಮಾಡಿದಿರಿ. ಅದೂ ಪ್ಲಾಟಿನ ಬೆಲೆ ಹೇಳಿದ ಕಾಗದದಲ್ಲೇ.

ನನ್ನ ತಂದೆ ಮಿತವಾಗಿ ಖರ್ಚು ಮಾಡುವವರು. ಕಟ್ಟು ಉಳಿಸಿಕೊಂಡು ಬಂದಿರುತ್ತಾರೆ. ಇದಕ್ಕಿಂತ ಹೆಚ್ಚು ಹೇಳುವ ಅಗತ್ಯ ನನಗಿಲ್ಲ. ಸಿಕಂದರ ಬರುತ್ತಾನೆ, ಡಬ್ಬಿ ಕೊಟ್ಟು ಕಳಿಸಿರಿ. ನಿಮ್ಮ ಫೀ ಎಷ್ಟೆಂದು ಅವನಿಗೆ ಹೇಳಿರಿ.

ಶಮ್ಶುನ್ನೀಸಾ ಬಾಗವಾನ


ಬಸವನ ಬಾಗೇವಾಡಿ
೫ ನವೆಂಬರ್ ೨೦೨೩

ಅಕ್ಕೋರೇ,

ಡಬ್ಬಿ ಕಳಿಸಿದ್ದೇನೆ. ರಟ್ಟಿನ ಬದಲು ಒಳ್ಳೆಯ ಕಾಗದದ ಲಕೋಟೆಯಲ್ಲಿ ಇಟ್ಟಿದ್ದೇನೆ. ಇಂದೂಬಾಯಿ ಮೇಲೆ ನಾಲ್ಕು ಕರದಂಟು ಇಟ್ಟಿದ್ದಾಳೆ, ಅದು ಅವಳ ವ್ಯವಹಾರ. ಫೀ ಏನೂ ಇಲ್ಲ.

ನನ್ನ ಕಾಗದ ಓದಿ ಅವಳು ನನಗೆ ಬೈದದ್ದು ಈ ಕಿವಿಗೂ ಕೇಳಿಸಿತು. ‘ಅಪ್ಪನ ಮಾತು ಮತ್ತ ರೊಕ್ಕದ ಮಾತು ಒಂದ ಹಾಳ್ಯಾಗ ಬರ್ದೀರಲ್ಲ, ನಿಮಗ ಏನ್ ಹೇಳಬೇಕ್ರಿ’ ಎಂದಳು. ಅದು ತಪ್ಪು, ಒಪ್ಪುತ್ತೇನೆ. ನೋಡಿದ್ದನ್ನು ನೋಡಿದೆ ಎಂದದ್ದು ಮಾತ್ರ ತಪ್ಪಲ್ಲ, ಅದನ್ನು ಹಿಂದೆಗೆದುಕೊಳ್ಳುವುದಿಲ್ಲ.

ಇನ್ನೊಂದು ಮಾತು ಹೇಳುತ್ತೇನೆ. ಸಿಟ್ಟು ಬಂದರೆ ಈ ಹಾಳೆಯನ್ನು ಒಲೆಗೆ ಹಾಕಿರಿ. ನಿಮ್ಮ ಕಾಗದಗಳನ್ನು ಮತ್ತೊಮ್ಮೆ ಓದಿದೆ. ಅಪ್ಪ ಹಾಜಿ ಅಲ್ಲ ಎಂದು ತಮ್ಮ ಹೇಳುತ್ತಾನೆ ಎಂದು ಎರಡು ಕಡೆ ಬರೆದಿದ್ದೀರಿ. ಯಾಕೆ ಹಾಗೆ ಹೇಳುತ್ತೀ ಎಂದು ನೀವು ಅವನನ್ನು ಕೇಳಿದ್ದು ಎಲ್ಲಿಯೂ ಇಲ್ಲ. ಎಲ್ಲಿಂದಲೋ ಬಂದ ಮುದುಕನೊಬ್ಬನಿಗೆ ಐದು ನೋಟು ಕಳಿಸಿ ಕೇಳಿದ್ದನ್ನು, ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವನನ್ನು ಕೇಳಬಹುದಿತ್ತಲ್ಲ?

ತಮ್ಮ ವಿಶ್ವಾಸಿ,
ವಾಸುದೇವ


ಸಿಂದಗಿ
೨೨ ನವೆಂಬರ್ ೨೦೨೩

ಜುಲ್ಫಿಕರ,

ನಿನಗೆ ಕಾಗದ ಬರೆದು ಎಷ್ಟು ಕಾಲವಾಯಿತು ಎಂದು ಲೆಕ್ಕ ಹಾಕಲಾರೆ. ಸಲಾಂ. ನಿನ್ನ ಹೆಂಡತಿ ಮಕ್ಕಳು ಆರಾಮ ಇರಲಿ. ನಿನ್ನ ಮೊಣಕಾಲು ನೋವು ಹೇಗಿದೆ? ಸಿಕಂದರ ಹೇಳಿದ.

ಜಗಳಕ್ಕೆ ಬರೆಯುತ್ತಿಲ್ಲ. ಕಾರ್ಡು ಇನ್ನೂ ಅಚ್ಚಿಗೆ ಹೋಗಿಲ್ಲ. ನಿನ್ನನ್ನು ಒಂದು ಮಾತು ಕೇಳಬೇಕು, ಅದನ್ನು ಗೋರಿಯ ಹತ್ತಿರವೇ ಕೇಳಬೇಕಿತ್ತು. ಆಗ ನೀನು ಬಾಯಿ ತೆಗೆದ ಕೂಡಲೇ ನಾನು ಎದ್ದು ಬಂದೆ.

ಅಪ್ಪ ಹಡಗು ಹತ್ತಲಿಲ್ಲವಾ? ನಿನಗೆ ಗೊತ್ತಿದ್ದರೆ ಬರೆ. ಹೊಲದ ಮಾತು ತರಬೇಡ. ಫೋನ್ ಮಾಡಬೇಡ, ಫೋನಿನಲ್ಲಿ ನಾನು ನಿನ್ನ ಮಾತು ಮುಗಿಯಲು ಬಿಡುವುದಿಲ್ಲ, ಅದು ನಿನಗೂ ಗೊತ್ತು.

ನಿನ್ನ ಆಪಾ


ಇಂಡಿ
೩ ಡಿಸೆಂಬರ್ ೨೦೨೩

ಆಪಾಗೆ ಜುಲ್ಫಿಕರನ ಸಲಾಂ.

ನಿನ್ನ ಕಾಗದ ಬಂದ ದಿನ ಅಡತಿ ಅಂಗಡಿಗೆ ಹೋಗಲಿಲ್ಲ. ಗಲ್ಲೆಯ ಮೇಲೆ ಮಗನನ್ನು ಕೂಡಿಸಿ ಮನೆಯಲ್ಲೇ ಉಳಿದೆ. ನಾನು ನಿನ್ನ ಹಾಗೆ ಬರೆಯುವವನಲ್ಲ. ಇದ್ದದ್ದನ್ನು ಹೇಳುತ್ತೇನೆ.

ನಿನ್ನ ಲಗ್ನದ ಮಾತುಕತೆ ನಡೆದಿದ್ದ ವರ್ಷ ನಾನು ಹದಿನೆಂಟರವನು. ಗಂಡಿನ ಕಡೆಯವರು ಬಂದು, ಹಾಜಿಯವರ ಮಗಳು ನಮ್ಮ ಮನೆಗೆ ಬರುವುದು ನಮ್ಮ ಭಾಗ್ಯ ಎಂದು ಹೇಳಿ ಹೋದರಲ್ಲ, ಅವತ್ತು ಸಂಜೆ ಅಪ್ಪ ನನ್ನನ್ನು ತೋಟದ ಬಾವಿಯ ಕಡೆಗೆ ಕರೆದುಕೊಂಡು ಹೋದರು. ಕಟ್ಟೆಯ ಮೇಲೆ ಕೂತರು. ಆಮೇಲೆ ಹೇಳಿದರು. ‘ನಾ ಹಡಗ ಹತ್ತಲಿಲ್ಲಪಾ. ಬಂದರದ ಧಕ್ಕೆದಾಗ ಡಾಕ್ಟರ ಎದಿ ನೋಡಿ, ನಿನಗ ಕ್ಷಯ ಐತಿ ಅಂತ ಹೊರಗ ನಿಲ್ಲಿಸಿದ. ಮಂದಿ ಹಾರ ಹಾಕಿ ಕಳಿಸಿದ್ರು. ಯಾವ ಮಾರಿ ಹೊತ್ತ ತಿರುಗಿ ಬರ್ಲಿ?’

ಬೊಂಬಾಯಿಯಲ್ಲೇ ಉಳಿದರಂತೆ. ಇದ್ದ ಹಣ ಔಷಧಕ್ಕೆ, ಊಟಕ್ಕೆ ಹೋಯಿತು. ಒಂದು ಖಾನಾವಳಿಯಲ್ಲಿ ಪಾತ್ರೆ ತೊಳೆದರಂತೆ. ಯಾತ್ರಿಕರ ಹಡಗು ತಿರುಗಿ ಬಂದಾಗ, ನಮ್ಮ ಕಡೆಯ ಮಂದಿಯ ಜೊತೆ ರೈಲು ಹತ್ತಿದರು. ಅವರಲ್ಲಿ ಯಾರೂ ಸಿಂದಗಿಯವರು ಇರಲಿಲ್ಲ. ಊರಲ್ಲಿ ಇಳಿದ ಕೂಡಲೇ ಇದ್ದದ್ದನ್ನು ಹೇಳಿಬಿಡಬೇಕು ಎಂದೇ ಬಂದಿದ್ದರು. ಬಸ್ಸಿನ ಬಾಗಿಲಲ್ಲೇ ಹಾರ ಬಿತ್ತು. ಅಷ್ಟರಲ್ಲಿ ನೀನು ಬಂದು ಕಾಲು ಹಿಡಿದೆಯಂತೆ. ಆಮೇಲೆ ಹೇಳಲು ಆಗಲಿಲ್ಲ ಎಂದರು.

ಐದು ನೋಟು ಮಾತ್ರ ಬದಲಿಸಲಿಲ್ಲ. ಮೈ ಸುಧಾರಿಸಿದ ಮೇಲೆ ಮತ್ತೊಮ್ಮೆ ಹೋಗೋಣ, ಅಲ್ಲಿ ಇಳಿದ ಕೂಡಲೇ ಇದನ್ನು ಬಿಚ್ಚೋಣ ಎಂದು ಇಟ್ಟುಕೊಂಡರಂತೆ. ಮತ್ತೆ ಹೋಗಬೇಕೆಂದರೆ ಒಮ್ಮೆ ಹೋಗಿಲ್ಲ ಎಂದು ಒಪ್ಪಬೇಕಿತ್ತು. ಹಾಜಿಗೆ ಎರಡನೆಯ ಸಲ ಯಾಕೆ ಹಜ್ ಎಂದು ಊರು ಕೇಳುತ್ತಿತ್ತು.

ಈಗಲಾದರೂ ಹೇಳಿಬಿಡಿ ಎಂದು ನಾನು ಕೈ ಮುಗಿದೆ. ‘ನಿಮ್ಮ ಆಪಾನ ಲಗ್ನ ಆಗ್ಲಿ’ ಎಂದರು. ಲಗ್ನ ಆಯಿತು. ಆಮೇಲೆ ನಿನ್ನ ಅತ್ತೆಯ ಮನೆಯಲ್ಲಿ ನಿನ್ನ ಮಾನ ಹೋಗುತ್ತದೆ ಎಂದರು. ನಿನಗೆ ಹೇಳುವುದಿಲ್ಲ ಎಂದು ನನ್ನಿಂದ ಕುರಾನಿನ ಮೇಲೆ ಆಣೆ ಹಾಕಿಸಿದರು. ಆಣೆ ಹಾಕಿದೆ. ಹಾಜಿ ಎನ್ನಬೇಡಿ ಎಂದೆನೇ ಹೊರತು ಕಾರಣ ಹೇಳಲಿಲ್ಲ. ಈಗ ನೀನಾಗಿ ಕೇಳಿದ್ದೀ, ಇನ್ನು ಮುಚ್ಚಿಡಲಾರೆ. ಗೋರಿಯ ಕಲ್ಲಿನ ಮೇಲೆ ಮಾತ್ರ ಅದನ್ನು ಕೆತ್ತಿಸಲು ಮನಸ್ಸು ಒಪ್ಪಲಿಲ್ಲ. ಮಂದಿಯ ಮುಂದೆ ಆದದ್ದು ಆಯಿತು, ದೇವರ ಮುಂದೆಯೂ ಯಾಕೆ ಎಂದು ನನಗೆ ಅನಿಸಿತು. ಹೊಲಕ್ಕಾಗಿ ಅಲ್ಲ ಆಪಾ. ಹೊಲ ಬೇಕಿದ್ದರೆ ಈಗಲೂ ತೆಗೆದುಕೋ.

ಅವರ ಸಲುವಾಗಿ ಬದಲ್ ಹಜ್ ಮಾಡಿಸಬೇಕೆಂದು ನಾನು ಎಷ್ಟೋ ಸಲ ಅಂದುಕೊಂಡೆ. ಹೋಗದೆ ತೀರಿಕೊಂಡವರ ಹೆಸರಿನಲ್ಲಿ ಇನ್ನೊಬ್ಬರು ಹೋಗಿ ಮಾಡಬಹುದಲ್ಲ. ಮಾಡುವವನು ಮೊದಲು ತನ್ನ ಹಜ್ ಮಾಡಿರಬೇಕು. ನಾನು ಮಾಡಿದ್ದೇನೆ. ಆದರೆ ನಿನ್ನನ್ನು ಕೇಳದೆ, ನಿನಗೆ ಗೊತ್ತಿಲ್ಲದಂತೆ ಅಪ್ಪನ ಹೆಸರು ಹಿಡಿದು ಹೋಗಲಿಕ್ಕೆ ಕಾಲು ಏಳಲಿಲ್ಲ. ಅವರು ನಿನಗೂ ಅಪ್ಪ.

ಜುಲ್ಫಿಕರ


ಸಿಂದಗಿ
೧೪ ಜನವರಿ ೨೦೨೪

ವಾಸುದೇವರಾಯರಿಗೆ ನಮಸ್ಕಾರ.

ನಿಮ್ಮ ಹಾಳೆಯನ್ನು ಒಲೆಗೆ ಹಾಕಲಿಲ್ಲ. ಕರದಂಟು ತಿಂದೆವು, ಇಂದೂಬಾಯಿಯವರಿಗೆ ಹೇಳಿರಿ.

ನಿಮಗೆ ಅನಿಸಿದ್ದೇ ನಿಜ. ನನ್ನ ತಂದೆ ಹಡಗು ಹತ್ತಲಿಲ್ಲ. ಧಕ್ಕೆಯಲ್ಲಿ ಡಾಕ್ಟರು ತಿರುಗಿ ಕಳಿಸಿದರು, ನಾಚಿಕೆಗೆ ಅವರು ಊರಿಗೆ ಬರಲಿಲ್ಲ, ಕೊನೆಗೆ ಯಾತ್ರಿಕರ ಜೊತೆ ಬಂದು ಇಳಿದಾಗ ಜನ ಹಾರ ಹಾಕಿ ಹಾಜಿ ಮಾಡಿದರು. ಇದನ್ನೆಲ್ಲ ತಮ್ಮ ಬರೆದ. ಮೊದಲು ಅಪ್ಪನ ಮೇಲೆ ಸಿಟ್ಟು ಬಂತು. ಆಮೇಲೆ ಅವರು ನನ್ನ ಹೆಗಲಿನಲ್ಲಿ ಮುಖ ಮುಚ್ಚಿಕೊಂಡದ್ದು ನೆನಪಾಗಿ ಸಿಟ್ಟು ನಿಲ್ಲಲಿಲ್ಲ. ಆಳುದ್ದದ ಮನುಷ್ಯ ಸಾಯುವತನಕ ಒಂದು ಮಾತನ್ನು ನುಂಗಿಕೊಂಡು ಕೂತಿದ್ದರು, ನಾನು ಅದನ್ನು ದೊಡ್ಡತನ ಎಂದು ತಿಳಿದಿದ್ದೆ. ಅದಕ್ಕೆ ಅರ್ಧ ಕಾರಣ ನನ್ನ ಲಗ್ನ ಎಂಬುದು ಹೆಚ್ಚು ನೋಯಿಸಿತು.

ಇಂಡಿಗೆ ಹೋದೆ. ತಮ್ಮನ ಮನೆಯ ಹೊಸ್ತಿಲು ದಾಟಿದ್ದು ಇದೇ ಮೊದಲು. ನೋಟುಗಳನ್ನು ಒಯ್ದಿದ್ದೆ. ಇಬ್ಬರೂ ನೆಲದ ಮೇಲೆ ಕೂತು ಟಾಚಣಿ ತೆಗೆದೆವು. ನಾನು ನೋಟು ಹಿಡಿದೆ, ಅವನು ಒಂದು ಹನಿ ಎಣ್ಣೆಯನ್ನು ಬೆರಳಿಗೆ ಹಚ್ಚಿಕೊಂಡು ಮೆಲ್ಲಗೆ ಎಳೆದ. ಎಣ್ಣೆ ಎಂದು ಓದಿ ನೀವು ಕುರ್ಚಿಯಿಂದ ಏಳಬೇಡಿ, ಕಾಗದಕ್ಕೆ ತಾಗಿಲ್ಲ. ಸಣ್ಣವನಿದ್ದಾಗ ನನ್ನ ಕಾಲಿನ ಮುಳ್ಳು ತೆಗೆಯುವಾಗಲೂ ಹೀಗೇ ನಾಲಿಗೆ ಕಚ್ಚಿಕೊಂಡು ಕೂಡುತ್ತಿದ್ದ.

ಅವನು ಅಪ್ಪನ ಹೆಸರಿನಲ್ಲಿ ಬದಲ್ ಹಜ್ ಮಾಡಲು ಸಿದ್ಧ. ನೋಟಿನ ಹಣದಿಂದಲೇ ಹೋಗಬೇಕು ಎಂದು ನಾನು ಹಟ ಹಿಡಿದೆ. ಅಪ್ಪ ಆ ದಾರಿಗೆಂದೇ ಪಡೆದ ಹಣ ಅದು, ಬೇರೆ ಯಾವುದಕ್ಕೂ ಖರ್ಚಾಗಬಾರದು. ಟೂರಿನವರಿಗೆ ಈಗ ಮುಂಗಡ ಅವನು ಕೊಟ್ಟಿರುತ್ತಾನೆ, ಕಡಿಮೆ ಬಿದ್ದರೆ ಅವನೇ ಹಾಕುತ್ತಾನಂತೆ. ಮಾರುವುದಿಲ್ಲ ಎಂದು ಮೊದಲ ಕಾಗದದಲ್ಲಿ ಬರೆದವಳು ಈಗ ಕೇಳುತ್ತಿದ್ದೇನೆ, ಮಾರಿಸಿಕೊಡಿರಿ.

ಆದರೆ ಇದು ಸುಮ್ಮನೆ ಆಗುವ ಕೆಲಸವಲ್ಲ. ಹಾಜಿ ಎನಿಸಿಕೊಂಡವರಿಗೆ ಬದಲ್ ಯಾಕೆ ಎಂದು ಜನ ಕೇಳುತ್ತಾರೆ. ಗುಟ್ಟಾಗಿ ಮಾಡಿಸೋಣ ಎಂದು ಸಿಕಂದರ ಹೇಳಿದ. ಗುಟ್ಟು ಇಟ್ಟುಕೊಂಡೇ ಅಪ್ಪ ಹೋಗಲಾಗದೆ ಉಳಿದರು, ಮತ್ತೆ ಅದನ್ನೇ ಮಾಡಬೇಕೇ ಎಂದೆ. ಕಾರ್ಡಿನಲ್ಲಿ ‘ಮರಹೂಮ ಬಾಬುಲಾಲ ಬಾಗವಾನ’ ಎಂದಷ್ಟೇ ಅಚ್ಚಾಗಿದೆ. ಮೊದಲು ಫರಹತಳ ಅತ್ತೆಯ ಮನೆಗೆ ನಾನೇ ಹೋಗಿ ಎಲ್ಲ ಹೇಳಿದೆ. ಆ ಮನೆಯ ಅಜ್ಜಿ ಪೀರಬಿ ಎಲ್ಲ ಕೇಳಿ, ‘ಹುಡುಗಿ ನಮ್ಮ ಮನಿಗೆ ಬರಾಕತ್ತಾಳ, ಅಕಿ ಮುತ್ಯಾ ಬರಾಕತ್ತಿಲ್ಲಲ್ಲ’ ಎಂದರು. ಎಲ್ಲರೂ ಪೀರಬಿ ಆಗುವುದಿಲ್ಲ. ನಮ್ಮ ಓಣಿಯಲ್ಲಿ ಕೆಲವರು ಈಗ ನನ್ನನ್ನು ಕಂಡು ಮಾತು ನಿಲ್ಲಿಸುತ್ತಾರೆ. ಹಾಜಿಯ ಮಗಳು ಎಂದು ಕರೆಯುತ್ತಿದ್ದವರು ಹೆಸರು ಹಿಡಿದು ಕರೆಯುತ್ತಿದ್ದಾರೆ. ನೋವಾಗುತ್ತದೆ, ಇಲ್ಲವೆಂದರೆ ಸುಳ್ಳಾಗುತ್ತದೆ.

ಲಗ್ನಕ್ಕೆ ದಂಪತಿಗಳು ಬರಬೇಕು. ಗಾಜು ಏನೂ ಇಟ್ಟಿರುವುದಿಲ್ಲ.

ಶಮ್ಶುನ್ನೀಸಾ


ಬಸವನ ಬಾಗೇವಾಡಿ
೨೮ ಮಾರ್ಚ್ ೨೦೨೪

ಅಕ್ಕೋರೇ,

ನೋಟು ಮಾರಾಟವಾದವು. ಐದನ್ನೂ ಬಿಡಿಸದೆ ಒಬ್ಬನೇ ಕೊಂಡ, ಅದು ನನಗೆ ಸಮಾಧಾನ. ಹರಾಜಿನವರು ತಮ್ಮ ಪಾಲು ಹಿಡಿದು ಉಳಿದದ್ದನ್ನು ಸಿಕಂದರನ ಖಾತೆಗೆ ಹಾಕಿದ್ದಾರೆ. ನಾನು ಅಂದಾಜು ಮಾಡಿದ್ದಕ್ಕಿಂತ ತುಸು ಕಡಿಮೆ ಬಂತು. ತುಕ್ಕಿನ ಕಲೆ ಹರಾಜಿನ ಪುಸ್ತಕದಲ್ಲಿ ನನಗೆ ಕಂಡದ್ದಕ್ಕಿಂತ ದೊಡ್ಡದಾಗಿ ಕಂಡಿತು. ಆದರೂ ಯಾತ್ರೆಯ ಖರ್ಚಿನ ಬಹುಪಾಲು ಆಗುತ್ತದೆ.

ಹರಾಜಿನವರು ನೋಟಿನ ಪೂರ್ವಕಥೆ ಬರೆದು ಕಳಿಸಿರಿ, ಕಥೆ ಇದ್ದರೆ ಬೆಲೆ ಏರುತ್ತದೆ ಎಂದರು. ಉತ್ತರ ಕರ್ನಾಟಕದ ಒಂದು ಮನೆತನದ್ದು ಎಂದಷ್ಟೇ ಬರೆದೆ. ಉಳಿದದ್ದನ್ನು ಕೊಡುವ ಹಕ್ಕು ನನಗಿಲ್ಲ. ಇಷ್ಟು ವರ್ಷ ಹಳೆಯ ನೋಟು ಕೈಯಲ್ಲಿ ಹಿಡಿದಾಗ ಅದರ ಅಂಕಿ, ಸಹಿ, ಅಂಚು ನೋಡುತ್ತಿದ್ದೆ. ಈಗ ಮಡಿಕೆ ಕಂಡರೆ ಮಡಿಚಿದವನು ಯಾರೋ ಎಂದು ಅನಿಸುತ್ತದೆ. ಕೆಲಸ ನಿಧಾನವಾಗಿದೆ, ಅದಕ್ಕೆ ನೀವೇ ಹೊಣೆ.

ಲಗ್ನದಲ್ಲಿ ನಿಮ್ಮ ತಮ್ಮ ನನ್ನ ಕಿವಿಯ ಹತ್ತಿರ ಬಂದು ಗಟ್ಟಿಯಾಗಿ ಏನೋ ಹೇಳಿದರು. ಕೇಳಿಸಲಿಲ್ಲ, ತಲೆಯಾಡಿಸಿದೆ. ಇಂದೂಬಾಯಿ ಆಮೇಲೆ ಹೇಳಿದಳು, ಅವರು ಅಷ್ಟೂ ಹೊತ್ತು ನಿಂಬೆಹಣ್ಣಿನ ದರ ಬಿದ್ದಿದೆ ಎನ್ನುತ್ತಿದ್ದರಂತೆ.

ಪ್ರಯಾಣ ಸುಖಕರವಾಗಲಿ ಎಂದು ಅವರಿಗೆ ತಿಳಿಸಿರಿ.

ವಾಸುದೇವ


ಸಿಂದಗಿ
೧೯ ಜೂನ್ ೨೦೨೪

ರಾಯರಿಗೆ, ಇಂದೂಬಾಯಿಯವರಿಗೆ,

ಯಾತ್ರೆ ಮುಗಿದಿದೆ. ಜುಲ್ಫಿಕರ ಬರುವ ವಾರ ಇಂಡಿಗೆ ಬರುತ್ತಾನೆ. ಅಲ್ಲಿ ಬಿಸಿಲು ವಿಪರೀತವಂತೆ. ಮೊಣಕಾಲು ಊದಿಸಿಕೊಂಡಿದ್ದಾನೆ, ಆದರೂ ಯಾವುದನ್ನೂ ಬಿಡದೆ ಮಾಡಿದ್ದಾನೆ. ಇಂದೂಬಾಯಿಯವರೇ, ಈ ಕಾಗದವನ್ನು ನೀವೂ ಓದಿರಿ, ನಿಮ್ಮ ಬೈಗುಳ ಇಲ್ಲದಿದ್ದರೆ ರಾಯರು ನನಗೆ ಮತ್ತೆ ಬರೆಯುತ್ತಿರಲಿಲ್ಲ.

ಅವನು ಹೊರಡುವ ದಿನ ನಾವು ಯಾರಿಗೂ ಹಾರ ತರಬೇಡಿ ಎಂದಿದ್ದೆವು. ತಂದೇ ತಂದರು. ನಮ್ಮ ಓಣಿಯಿಂದಲೂ ಇಬ್ಬರು ಹೋಗಿದ್ದರು. ಅವನು ಹಾರಗಳನ್ನು ಕೈಯಲ್ಲಿ ತೆಗೆದುಕೊಂಡು, ಕೊರಳಿಗೆ ಹಾಕಿಕೊಳ್ಳದೆ, ನನ್ನ ಕೈಗೆ ಕೊಟ್ಟ.

ಅರಫಾತಿನ ದಿನ ಬಯಲಿನಿಂದ ಫೋನ್ ಮಾಡಿದ್ದ. ಹಜ್ಜಿನಲ್ಲಿ ಅದೇ ದೊಡ್ಡ ದಿನ. ದೇವರೇ, ನಾನು ಬಂದಿದ್ದೇನೆ, ನಾನು ಬಂದಿದ್ದೇನೆ ಎಂದು ಲಕ್ಷಗಟ್ಟಲೆ ಜನ ಕೂಗುತ್ತಿರುತ್ತಾರೆ. ಬದಲ್ ಮಾಡುವವನು ಹಾಗೆ ತನಗಾಗಿ ಹೇಳುವಂತಿಲ್ಲ. ಯಾರ ಸಲುವಾಗಿ ಹೋಗಿದ್ದಾನೋ ಅವರ ಹೆಸರು ತೆಗೆದುಕೊಳ್ಳಬೇಕು.

ಹಿಂದೆ ಬಹಳ ಗದ್ದಲವಿತ್ತು. ಅವನ ದನಿ ಒಡೆದಿತ್ತು. ಫೋನಿನಲ್ಲಿ ಅವನ ಮಾತು ಮುಗಿಯಲು ಬಿಡದವಳು ನಾನು, ಅವತ್ತು ಒಂದು ಮಾತೂ ಆಡದೆ ಕೇಳಿದೆ.

‘ಆಪಾ, ಅಪ್ಪನ ಹೆಸರ ತಗೊಂಡ ಹೇಳೇನಿ. ಬಾಬುಲಾಲ ಬಂದಾನ ಅಂದೇನಿ.’

ಆಮೇಲೆ ಲೈನು ತಾನಾಗಿ ಹೋಗುವತನಕ ಇಬ್ಬರೂ ಫೋನ್ ಹಿಡಿದುಕೊಂಡೇ ಇದ್ದೆವು.

ನಿಮ್ಮ,
ಶಮ್ಶುನ್ನೀಸಾ
ಬಾಬುಲಾಲ ಬಾಗವಾನರ ಮಗಳು